ಬಾಣಂತಿ ಬೇಲಿಯಾಚೆ, ತರಬೇತಿ ಸಭಾಂಗಣದೊಳಗೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸುತ್ತುವ ನಮಗೆ ‘ಲಿಂಗ ಸಮಾನತೆ ತರಬೇತಿ’ಯ ಸುದ್ದಿ ಬರೆಯಲು ಈಗ ಕಾರ್ಯಕ್ರಮಕ್ಕೆ ಹೋಗಬೇಕೆಂದೇ ಇಲ್ಲ. ಗಿಡಕ್ಕೆ ನೀರೆರೆದು ಉದ್ಘಾಟನೆ, ಅತಿಥಿಗಳ ಭಾಷಣ, ಗುಂಪು ಚಟುವಟಿಕೆ, ಪಲಾವು, ಪ್ರಮಾಣಪತ್ರ, ಫೋಟೊ. ಕುರ್ಚಿಯಲ್ಲಿ ಕೂತವರು ಆಶಾ, ಅಂಗನವಾಡಿ ಮತ್ತು ಸಂಸ್ಥೆಗಳ ಕಾರ್ಯಕರ್ತೆಯರು. ಮೈಕ್ ಹಿಡಿದವರು ಬಹುಪಾಲು ಗಂಡಸರು. ಹೆಣ್ಣಿಗೆ ಸಮಾನತೆ ಬೇಕೆಂದು ಹೆಣ್ಣಿಗೇ ದಿನವಿಡೀ ಹೇಳಿ ಕಳಿಸುತ್ತಾರೆ.

ನಮ್ಮ ತಕರಾರು ತರಬೇತಿಯ ಮೇಲಲ್ಲ, ಅದು ಹಟ್ಟಿಯ ಬೇಲಿಯ ಹತ್ತಿರವೂ ಸುಳಿಯದಿರುವುದರ ಮೇಲೆ.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಬೇಕು. ಮಗುವನ್ನು ತೂಗಬೇಕು, ಮೈ ಬಿಸಿ ನೋಡಬೇಕು, ಬೆಚ್ಚಗಿಡುವುದನ್ನು ತಾಯಿಗೆ ತೋರಿಸಿಕೊಡಬೇಕು. ಇದನ್ನು ಚೆನ್ನಾಗಿಯೇ ಕಲಿಸಿದ್ದಾರೆ. ಆದರೆ ಅದರ ಹೆಸರೇ ಮನೆ ಭೇಟಿ. ಬಾಣಂತಿ ಮನೆಯಲ್ಲೇ ಇಲ್ಲದಿದ್ದರೆ?

ನಮ್ಮ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವಳು, ಹೆತ್ತವಳು ‘ಹೊರಗೆ’ ಕೂರುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಎಷ್ಟು ದಿನ ಎಂಬ ಲೆಕ್ಕ ಹಟ್ಟಿಯಿಂದ ಹಟ್ಟಿಗೆ ಬೇರೆ. ಬಿಟ್ಟ ಹಟ್ಟಿಗಳೂ ಇವೆ, ಅದನ್ನೂ ಹೇಳಬೇಕು. 2023ರ ಜುಲೈನಲ್ಲಿ ಪಕ್ಕದ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಊರ ಹೊರಗಿನ ಗುಡಿಸಲಲ್ಲಿ ಬಾಣಂತಿ ಜೊತೆ ಇದ್ದ ಹಸುಗೂಸು ಮಳೆ-ಚಳಿಯಲ್ಲಿ ತೀರಿಕೊಂಡಿತು. ಆಗಷ್ಟೇ ಅಧಿಕಾರಿಗಳ ಜೀಪುಗಳು ಬಂದವು.

ಕಾನೂನು ಇಲ್ಲವೆ? ಇದೆ. ಅಮಾನವೀಯ ಪದ್ಧತಿಗಳನ್ನು ತಡೆಯುವ 2017ರ ಕರ್ನಾಟಕದ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಮುಟ್ಟಾದವರನ್ನು, ಗರ್ಭಿಣಿಯರನ್ನು ಊರಿಂದ ಹೊರಗಿಡುವುದು ಅದರ ಪ್ರಕಾರ ಅಪರಾಧ. ದೂರು ಕೊಡುವವರು ಯಾರು? ಕಾರ್ಯಕರ್ತೆ ಅದೇ ಹಟ್ಟಿಯ ಸೊಸೆಯಾಗಿದ್ದರೆ, ತಿಂಗಳಿಗೊಮ್ಮೆ ಅವಳೂ ಅದೇ ಬೇಲಿಯಾಚೆ ಕೂತಿರುತ್ತಾಳೆ. ಅತ್ತೆಯ ಮೇಲೆ, ಪೂಜಾರಪ್ಪನ ಮೇಲೆ ಠಾಣೆಗೆ ಹೋಗಿ ಸಂಜೆ ಎಲ್ಲಿಗೆ ವಾಪಸು ಬರಬೇಕು? ‘ಧೈರ್ಯವಾಗಿ ಪ್ರಶ್ನಿಸಿ’ ಎಂದು ಕಾರು ಹತ್ತಿ ಹೋಗುವ ಸಂಪನ್ಮೂಲ ವ್ಯಕ್ತಿಗೆ ಈ ಕಷ್ಟ ಇಲ್ಲ.

ಇನ್ನು ಸರ್ಕಾರದ ಜಾಣತನ ನೋಡಿ. ಗುಡಿಸಲು ಬೇಡವೆಂದು ಕೆಲವು ಕಡೆ ‘ಕೃಷ್ಣ ಕುಟೀರ’, ‘ಮಹಿಳಾ ಭವನ’ ಕಟ್ಟಿಸಿತು. ಮಳೆಯಲ್ಲಿ ನೆನೆಯುವುದಕ್ಕಿಂತ ವಾಸಿ, ಒಪ್ಪೋಣ. ಆದರೆ ಹೊರಗಿಡುವುದಕ್ಕೇ ಸಿಮೆಂಟು, ಶೀಟು ಹಾಕಿಕೊಟ್ಟ ಮೇಲೆ ಅದು ತಪ್ಪು ಎಂದು ಕಾರ್ಯಕರ್ತೆ ಯಾವ ಬಾಯಲ್ಲಿ ಹೇಳಬೇಕು?

ತರಬೇತಿ ಕೊಡಬೇಕಾದದ್ದು ಹಟ್ಟಿಯ ಯಜಮಾನರಿಗೆ, ಪೂಜಾರಿಗಳಿಗೆ, ಪಂಚಾಯ್ತಿ ಸದಸ್ಯರಿಗೆ, ಪಿಡಿಒಗೆ, ಠಾಣೆಯವರಿಗೆ. ಅದೂ ಹಟ್ಟಿಯಲ್ಲೇ, ಕುರಿ ದೊಡ್ಡಿಗೆ ಬಂದ ಮೇಲೆ, ಗಂಡಸರು ಸಿಗುವ ಹೊತ್ತಿಗೆ. ಒಂದು ದಿನಕ್ಕೆ ಮುಗಿಯುವ ಕೆಲಸವೂ ಅಲ್ಲ. 1989ರಲ್ಲಿ ಶುರುವಾದ ಮಹಿಳಾ ಸಮಾಖ್ಯದ ಸಂಘಗಳಲ್ಲಿ ಹೆಂಗಸರು ತಮ್ಮ ಊರಲ್ಲೇ ಕೂತು, ತಮ್ಮ ಸಂಕಟವನ್ನೇ ಪಾಠ ಮಾಡಿಕೊಂಡು ವರ್ಷಗಟ್ಟಲೆ ಮಾತಾಡಿದ್ದರು. ಅಲ್ಲಿ ಪ್ರಮಾಣಪತ್ರಕ್ಕಿಂತ ಜೊತೆಗೆ ನಿಲ್ಲುವ ಹತ್ತು ಜನ ಮುಖ್ಯವಾಗಿದ್ದರು. ಇವತ್ತಿನ ಕಾರ್ಯಕರ್ತೆ ಒಂಟಿ. ಅವಳ ಕೈಲಿರುವುದು ತಕ್ಕಡಿ, ಥರ್ಮಾಮೀಟರು, ಒಂದು ನಮೂನೆ. ಆ ನಮೂನೆಯಲ್ಲಿ ‘ಬಾಣಂತಿ ಎಲ್ಲಿದ್ದಾಳೆ’ ಎಂದೊಂದು ಕಾಲಂ ಸೇರಿಸಿದರೂ ಅವಳು ದೂರು ಹೇಳಿದವಳಾಗುವುದಿಲ್ಲ, ಇಲಾಖೆಗೆ ಗೊತ್ತಿಲ್ಲ ಎನ್ನಲೂ ಆಗುವುದಿಲ್ಲ.

(ಮೌಢ್ಯ ಹಟ್ಟಿಯದ್ದು ಮಾತ್ರ ಎಂದುಕೊಂಡವರು ಪೇಟೆಯ ಟೈಲ್ಸ್ ಮನೆಗಳ ದೇವರ ಕೋಣೆಯ ಬಾಗಿಲಲ್ಲಿ ಒಮ್ಮೆ ನಿಂತು ನೋಡಲಿ. ‘ಮೂರು ದಿನ’ ದೂರ ಕೂತವರು ಅಲ್ಲೂ ಸಿಗುತ್ತಾರೆ, ತರಬೇತಿ ಕೊಡುವವರ ಮನೆಗಳಲ್ಲೂ.)

ನಮ್ಮದೂ ತಪ್ಪಿದೆ. ಪತ್ರಿಕೋದ್ಯಮ ಓದಿ ಹೊರಬಿದ್ದ ಹೊಸದರಲ್ಲಿ ನಾವೂ ಗುಡಿಸಲ ಮುಂದೆ ಕೂತ ಬಾಣಂತಿಯ ಫೋಟೊ ತೆಗೆದು ‘ಆಧುನಿಕ ಯುಗದಲ್ಲೂ ಅನಿಷ್ಟ’ ಎಂದು ಬರೆದವರೇ. ಆ ಫೋಟೊದಿಂದ ಅವಳಿಗೆ ಏನಾಯಿತೆಂದು ಕೇಳಲು ನಾವು ವಾಪಸು ಹೋಗಲಿಲ್ಲ.

ಮುಂದಿನ ತರಬೇತಿಯ ಪತ್ರಿಕಾ ಪ್ರಕಟಣೆ ಕಳಿಸುವವರಿಗೆ ಈಗಲೇ ಹೇಳಿಬಿಡುತ್ತೇವೆ. ಏಳನೇ ದಿನ ಬಾಣಂತಿ ಬೇಲಿಯಾಚೆ ಸಿಕ್ಕರೆ ಈ ಕಾರ್ಯಕರ್ತೆ ಯಾರಿಗೆ ಫೋನ್ ಮಾಡಬೇಕು, ಅವರು ಎಷ್ಟು ಹೊತ್ತಿಗೆ ಬರುತ್ತಾರೆ? ಅಷ್ಟನ್ನು ಬರೆದು ಕಳಿಸಿ. ಫೋಟೊ ಬೇಡ.