ಬಟ್ಟೆ ಚೀಲವನ್ನು 7,100 ಸಲ ಬಳಸದಿದ್ದರೆ ಪ್ಲಾಸ್ಟಿಕ್ಕೇ ಮೇಲಾ?

ನಮ್ಮ ಅಕ್ಕನ ಮಗಳಿಗೆ ಒಂಬತ್ತು ವರ್ಷ. ಈ ಬೇಸಿಗೆ ರಜೆಯಲ್ಲಿ ಅವಳಿಗೆ ಹೊಲಿಗೆ ಕಲಿಯುವ ಹುಚ್ಚು ಹಿಡಿದಿತ್ತು. ಹಳೆಯ ಕಾಟನ್ ಪರದೆಯೊಂದನ್ನು ಕತ್ತರಿಸಿ, ಇಬ್ಬರೂ ಕೂತು ಕೈಯಲ್ಲೇ ತರಕಾರಿ ಚೀಲ ಹೊಲಿಯುತ್ತಿದ್ದೆವು. (ನೆಲ ಒರೆಸಲು ಆ ಪರದೆಯನ್ನು ಎತ್ತಿಟ್ಟಿದ್ದ ಅಮ್ಮನ ಬೈಗುಳ ಬೇರೆ.) ಒಂದು ಬದಿ ಮುಗಿಯುವಷ್ಟರಲ್ಲಿ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಬಟ್ಟೆ ಚೀಲ ಪರಿಸರಕ್ಕೆ ಪ್ಲಾಸ್ಟಿಕ್‌ಗಿಂತ ಕೆಟ್ಟದ್ದು, 7,100 ಸಲ ಬಳಸಿದರಷ್ಟೇ ಎರಡೂ ಸಮ ಎಂದು ವಿಜ್ಞಾನಿಗಳೇ ಹೇಳಿದ್ದಾರಂತೆ. ಅವಳು ಅದನ್ನು ಓದಿ ಸೂಜಿ ಕೆಳಗಿಟ್ಟಳು. "ಹಾಗಾದ್ರೆ ಬಿಚ್ಚಿಬಿಡೋಣ್ವಾ ಚಿಕ್ಕಿ?"

ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಹಾಗಾದರೆ ಇದು ನಿಜವೇ?

ಸಂಖ್ಯೆ ಕಟ್ಟುಕಥೆಯಲ್ಲ. ಡೆನ್ಮಾರ್ಕ್‌ನ ಪರಿಸರ ಸಂರಕ್ಷಣಾ ಸಂಸ್ಥೆ 2018ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅದು ಇದೆ. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಂಖ್ಯೆಯೂ ಇದೆ: 52. ಹವಾಮಾನ ಬದಲಾವಣೆಯೊಂದನ್ನೇ ಲೆಕ್ಕ ಹಿಡಿದರೆ, ಸಾಮಾನ್ಯ ಹತ್ತಿಯ ಚೀಲವನ್ನು 52 ಸಲ ಬಳಸಿದರೆ ಸಾಕು. ವಾರಕ್ಕೊಮ್ಮೆ ಸಂತೆಗೆ ಒಯ್ದರೆ ಒಂದು ವರ್ಷದ ಕೆಲಸ. 7,100 ಎಲ್ಲಿಂದ ಬಂತು? ನೀರು, ಗಾಳಿ, ಮಣ್ಣು ಹೀಗೆ ಹಲವು ಬಗೆಯ ಪರಿಣಾಮಗಳನ್ನು ಬೇರೆಬೇರೆಯಾಗಿ ಅಳೆದು, ಅವುಗಳಲ್ಲಿ ಅತಿ ಹೆಚ್ಚು ಬಂದದ್ದನ್ನು ಆರಿಸಿದಾಗ. ಹತ್ತಿಯ ವಿಷಯದಲ್ಲಿ ಅದು ಓಝೋನ್ ಪದರಕ್ಕೆ ಆಗುವ ಹಾನಿ. ಫಾರ್ವರ್ಡ್ ಮಾಡಿದವರು ದೊಡ್ಡ ಸಂಖ್ಯೆಯನ್ನು ಹಿಡಿದು, ಚಿಕ್ಕದನ್ನು ಕೈಬಿಟ್ಟಿದ್ದಾರೆ.

ಹೋಲಿಕೆ ನಡೆದದ್ದು ಡೆನ್ಮಾರ್ಕ್‌ನ ಅಂಗಡಿಗಳ ಪ್ಲಾಸ್ಟಿಕ್ ಚೀಲದ ಜೊತೆ ಎಂಬುದನ್ನೂ ಗಮನಿಸಿ. ಅಲ್ಲಿ ಅದು ಕಸದ ಬುಟ್ಟಿಯ ಚೀಲವಾಗಿ, ಕೊನೆಗೆ ಸುಡುವ ಘಟಕಕ್ಕೆ ಹೋಗುತ್ತದೆ. ಬೀದಿಗೆ ಬಿದ್ದ ಚೀಲದ ಹಾನಿ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಚರಂಡಿ ಕಟ್ಟಿಕೊಂಡು ರಸ್ತೆಗೆ ನೀರು ನುಗ್ಗುವ, ಹಸು ಚೀಲ ನುಂಗುವ ನಮ್ಮ ಊರುಗಳಿಗೆ ಅದನ್ನು ಹಾಗೇ ತಂದು ಕೂರಿಸಲಾಗದು.

ಇನ್ನು ನಮ್ಮ ಚೀಲದ ವಿಷಯ. ವರದಿ ಲೆಕ್ಕ ಹಾಕಿದ್ದು ಹೊಸ ಹತ್ತಿಯ ಚೀಲಕ್ಕೆ. ಹತ್ತಿ ಬೆಳೆಯಲು ನೀರು, ಗೊಬ್ಬರ, ನೂಲಲು ನೇಯಲು ವಿದ್ಯುತ್ತು. ಬಟ್ಟೆ ಚೀಲದ ಹೊರೆಯ ಬಹುಪಾಲು ಇಲ್ಲೇ. ಹದಿನೈದು ವರ್ಷ ಕಿಟಕಿಗೆ ನೇತಾಡಿದ ಪರದೆಗೆ ಹೊಸದಾಗಿ ಯಾರೂ ಹತ್ತಿ ಬೆಳೆಯಬೇಕಿಲ್ಲ. ಬೇಕಾದದ್ದು ಒಂದಿಷ್ಟು ದಾರ, ಒಗೆಯಲು ನೀರು. ಹಾಗೆಂದು ಫಾರ್ವರ್ಡ್ ಪೂರ್ತಿ ತಪ್ಪೂ ಅಲ್ಲ. ಮದುವೆಮನೆಗಳಲ್ಲಿ ತಾಂಬೂಲದ ಜೊತೆ ಕೊಟ್ಟ ಹೊಸ ಬಟ್ಟೆ ಚೀಲಗಳು ನಿಮ್ಮ ಬೀರುವಿನಲ್ಲಿ ಎಷ್ಟಿವೆ, ಒಮ್ಮೆ ಎಣಿಸಿ ನೋಡಿ. ಅವನ್ನು ಒಳಗಿಟ್ಟು ಇನ್ನೊಂದು ಹೊಸದನ್ನು ಕೊಳ್ಳುವವರಿಗೆ ಆ ಎಚ್ಚರಿಕೆ ಸರಿಯಾಗಿಯೇ ಇದೆ.

ಇದಕ್ಕಿಂತ ದೊಡ್ಡ ಗೊಂದಲ ಬೇರೆಯೇ ಇದೆ. ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ. ಈಗ ಅನೇಕ ಅಂಗಡಿಗಳಲ್ಲಿ ಸಿಗುವ, ಬಟ್ಟೆಯಂತೆ ಮೆತ್ತಗಿರುವ ಬಣ್ಣದ ಚೀಲ ಬಟ್ಟೆಯೇ ಅಲ್ಲ. ಅದು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಎಳೆಗಳನ್ನು ಒತ್ತಿ ಅಂಟಿಸಿದ ಹಾಳೆ. ಕೇಂದ್ರದ 2021ರ ನಿಯಮಗಳೂ ಅದನ್ನು 'ನಾನ್‌ವೋವನ್ ಪ್ಲಾಸ್ಟಿಕ್' ಚೀಲ ಎಂದೇ ಗುರುತಿಸುತ್ತವೆ. ಗುರುತು ಹಿಡಿಯುವ ಉಪಾಯ ಸಿಕ್ಕಿದ್ದು ನಮ್ಮ ಹುಡುಗಿಗೆ. ಪರದೆಯ ಕತ್ತರಿಸಿದ ಅಂಚಿನಿಂದ ಉದ್ದಕ್ಕೆ ದಾರ ಎಳೆಯುತ್ತಾ ಕೂತಿದ್ದವಳು, ಅಂಗಡಿಯ ಚೀಲವನ್ನೂ ಹಾಗೇ ಎಳೆಯಲು ನೋಡಿದಳು. ದಾರ ಬರಲಿಲ್ಲ, ಹಾಳೆಯೇ ಹರಿಯಿತು. ನೇಯ್ದ ಬಟ್ಟೆಯಲ್ಲಿ ಉದ್ದ ಅಡ್ಡ ಎಳೆಗಳಿರುತ್ತವೆ, ಇದರಲ್ಲಿ ಇಲ್ಲ.

ಚೀಲವನ್ನು ಬಿಚ್ಚಲಿಲ್ಲ. ಆದರೆ 52 ಸಲ ಬಾಳಿಕೆ ಬರಬೇಕಲ್ಲ! ಮೂರನೇ ಸಲವೇ ಎರಡು ಕಿಲೋ ಈರುಳ್ಳಿಗೆ ಒಂದು ಹಿಡಿ ಕಿತ್ತುಬಂತು. ತಪ್ಪು ನನ್ನದು, ಬರೀ ನೇರ ಹೊಲಿಗೆ ಹೇಳಿಕೊಟ್ಟಿದ್ದೆ. ಭಾರವೆಲ್ಲ ಬೀಳುವುದು ಹಿಡಿ ಸೇರುವ ಜಾಗದ ಮೇಲೆ. ಒಂದೇ ಸಾಲು ಹೊಲಿದರೆ ಆ ನಾಲ್ಕಾರು ಹೊಲಿಗೆಗಳೇ ಎಲ್ಲವನ್ನೂ ಹೊರಬೇಕು. ಹಿಡಿಯ ತುದಿಯನ್ನು ಮಡಚಿ, ಚೌಕಾಕಾರ ಹೊಲಿದು, ಒಳಗೆ ಗುಣಾಕಾರ ಚಿಹ್ನೆಯಂತೆ ದಾಟಿಸಿದರೆ ಭಾರ ಹಂಚಿಹೋಗುತ್ತದೆ. ಸೂಜಿ ಪ್ರತಿ ಸಲ ಅರ್ಧ ಹೆಜ್ಜೆ ಹಿಂದೆ ಬಂದು ಮುಂದೆ ಹೋಗಬೇಕು, ಹೊಲಿಗೆ ಅಕ್ಕಿಕಾಳಿಗಿಂತ ಉದ್ದ ಇರಬಾರದು. ಹೀಗೆ ಹೊಲಿದರೆ ಒಂದು ಕಡೆ ದಾರ ತುಂಡಾದರೂ ಸಾಲು ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಗುಣಾಕಾರ ಸೊಟ್ಟಗೆ ಬಂದಿದೆ, ಇರಲಿ.

ಚೀಲದ ಒಳಗೆ ಪೆನ್ನಿನಿಂದ ಗೆರೆ ಎಳೆದು ಅವಳು ಲೆಕ್ಕ ಇಡುತ್ತಿದ್ದಳು. ಮೊದಲ ಒಗೆತಕ್ಕೆ ಗೆರೆಗಳೆಲ್ಲ ಮಾಸಿಹೋದವು. ಈಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾಳೆ. ಮೊನ್ನೆ ಭಾನುವಾರಕ್ಕೆ ಹದಿನಾಲ್ಕು.