ಏರಿಗೆ ಪಂಪು, ಇಳಿಜಾರಿಗೆ ಏನು?

ಹುಬ್ಬಳ್ಳಿಯಿಂದ ಧಾರವಾಡದ ಕಡೆಗೆ ಹೊರಟವರಿಗೆ ಉಣಕಲ್ ಕೆರೆ ಹಿಂದಾದ ಮೇಲೆ ಬೈರಿದೇವರಕೊಪ್ಪ ಎದುರಾಗುತ್ತದೆ. ನಡುದಾರಿಯಲ್ಲಿ ಚಿಗರಿ ಬಸ್ಸುಗಳು. ಬದಿಯಲ್ಲಿ ಅಮರಗೋಳದ ಮಾರುಕಟ್ಟೆಗೆ ಹತ್ತಿ, ಉಳ್ಳಾಗಡ್ಡಿ ಹೊತ್ತ ಲಾರಿಗಳು. ಇಂಥ ಲಾರಿಗಳಲ್ಲಿ ಇಂಜಿನ್ನು ಬದಲಾದವು, ಟರ್ಬೊ ಕೂಡಿಸಿಕೊಂಡವು, ಬಾಡಿ ಬೆಳೆಸಿಕೊಂಡವು ಉಂಟು. ಇವುಗಳ ಒಡೆಯರು ಗ್ಯಾರೇಜಿಗೆ ಬಂದರೆ ಆಡುವ ಮಾತು ಒಂದೇ: “ಗಾಡಿ ಎಳೀವಲ್ದು ಮಿಸ್ತ್ರಿ, ಪಂಪ್ ಒಂದೀಟು ಏರಸ್ರಿ.”

ಏರಿಸುವುದೆಂದರೆ ಏನನ್ನು? ಜನ ಅದನ್ನು ‘ಪ್ರೆಶರ್’ ಎನ್ನುತ್ತಾರೆ. ವಸ್ತುತಃ ಇಲ್ಲಿ ಮೂರು ಸಂಗತಿಗಳಿವೆ. ಟ್ಯಾಂಕಿನಿಂದ ಡೀಸೆಲನ್ನು ಎತ್ತಿ ಫಿಲ್ಟರಿನ ಮೂಲಕ ಕಳುಹಿಸುವ ಚಿಕ್ಕ ಪಂಪಿನ ಒತ್ತಡ ಅತ್ಯಲ್ಪ. ನಾಝಲ್ಲಿನ ಸ್ಪ್ರಿಂಗು ಬಾಯಿ ಬಿಡುವ ಒತ್ತಡ, ಹಳೆಯ ಲಾರಿ ಇಂಜಿನ್ನುಗಳಲ್ಲಿ, ಚದರ ಸೆಂಟಿಮೀಟರಿಗೆ ಸುಮಾರು 200 ಕಿಲೋಗ್ರಾಂ. ಮೂರನೆಯದು ಒತ್ತಡವೇ ಅಲ್ಲ. ಪ್ರತಿ ಹೊಡೆತಕ್ಕೆ ಒಳಹೋಗುವ ಡೀಸೆಲ್ಲಿನ ಪ್ರಮಾಣ. 1927ರಲ್ಲಿ ಜರ್ಮನಿಯ ಬಾಷ್ ಕಾರ್ಖಾನೆ ವಿಪುಲವಾಗಿ ತಯಾರಿಸತೊಡಗಿದ, ಮುಂದೆ ಬೆಂಗಳೂರಿನ ಮೈಕೋ ನಮ್ಮ ಲಾರಿಗಳಿಗೆಲ್ಲ ಪರಿಚಯಿಸಿದ ಸಾಲುಪಂಪಿನಲ್ಲಿ, ಒಂದೊಂದು ಸಿಲಿಂಡರಿಗೆ ಒಂದೊಂದು ಪ್ಲಂಜರು. ಅದರ ಓರೆಗೆರೆ ಎಷ್ಟು ತಿರುಗಿತೆಂಬುದರ ಮೇಲೆ ಪ್ರಮಾಣ ನಿಲ್ಲುತ್ತದೆ. ಅದರ ಗರಿಷ್ಠ ಮಿತಿಯನ್ನು ಕಾಯುವ ತಿರುಪಿಗೆ ಸೀಸದ ಮುದ್ರೆ ಒತ್ತಿರುತ್ತಾರೆ. ‘ಪಂಪ್ ಏರಿಸು’ವುದೆಂದರೆ ಸಾಮಾನ್ಯವಾಗಿ ಈ ಮುದ್ರೆಯನ್ನು ಒಡೆಯುವುದೇ ಆಗಿದೆ.

ಮುದ್ರೆ ಸುಮ್ಮನೆ ಒತ್ತಿದ್ದಲ್ಲ. ಒಂದು ಕಿಲೋಗ್ರಾಂ ಡೀಸೆಲ್ ಪೂರ್ತಿ ಉರಿಯಲು ಹದಿನಾಲ್ಕೂವರೆ ಕಿಲೋಗ್ರಾಂ ಗಾಳಿಯಾದರೂ ಬೇಕು. ನಿಜವಾದ ಇಂಜಿನ್ನಿಗೆ ಅದಕ್ಕಿಂತ ಹೆಚ್ಚು. ಗಾಳಿ ಅಷ್ಟೇ ಇದ್ದು ಡೀಸೆಲ್ ಮಾತ್ರ ಹೆಚ್ಚಿದರೆ, ಮೊದಮೊದಲು ಎಳೆತ ಹೆಚ್ಚುವುದು ನಿಜ. ತರುವಾಯ ಹೆಚ್ಚುವುದು ಕರಿಹೊಗೆ ಮತ್ತು ಕಾವು. ಪಿಸ್ಟನ್ನಿನ ತಲೆ, ವಾಲ್ವು, ಟರ್ಬೊ ಒಂದೊಂದಾಗಿ ಬೆಲೆ ತೆರುತ್ತವೆ. ಇನ್ನು ನಾಝಲ್ಲಿನ ಒತ್ತಡವನ್ನು ಬಿಗಿಸಿದರೆ ಬಲ ಬರುವುದಿಲ್ಲ. ಸಿಂಪರಣೆ ತಡವಾಗುತ್ತದೆ, ಪಂಪು ಸವೆಯುತ್ತದೆ. ಅದರ ತುಂತುರಿಗೆ ಬೆರಳೊಡ್ಡಿದವನ ಚರ್ಮವನ್ನು ಡೀಸೆಲ್ ಸೂಜಿಯಂತೆ ಹೊಗುವುದು.

ಇಂಜಿನ್ನು ಕೆಟ್ಟರೆ ಹಣದ ನಷ್ಟ. ಅದಕ್ಕಿಂತ ದೊಡ್ಡ ಮಾತು ಬೇರೆ ಇದೆ. ಎಳೆತವನ್ನು ಏರಿಸಿಕೊಂಡ ಗಾಡಿಗೆ ಹೊರೆಯನ್ನೂ ಏರಿಸುವ ಆಸೆ ಹುಟ್ಟುತ್ತದೆ. ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಲಾರಿ ಯಲ್ಲಾಪುರವನ್ನು ದಾಟಿ ಅರಬೈಲ್ ಘಟ್ಟವನ್ನು ಇಳಿಯಲೇಬೇಕು. 2000ದ ದಶಕದಲ್ಲಿ ಬಳ್ಳಾರಿಯ ಅದಿರು ಇದೇ ದಾರಿಯಿಂದ ಬೇಲೆಕೇರಿ ಬಂದರಿಗೆ ಹೋಯಿತು. ಆ ಲಾರಿಗಳ ಅತಿಭಾರವನ್ನು ಲೋಕಾಯುಕ್ತರ 2011ರ ವರದಿ ವಿವರವಾಗಿ ದಾಖಲಿಸಿತು. ಇಳಿಜಾರಿನಲ್ಲಿ ಪಂಪು ಯಾರನ್ನೂ ಕಾಯುವುದಿಲ್ಲ. ಅಲ್ಲಿ ಕಾಯುವವು ಕೆಳಗಿನ ಗೇರು ಮತ್ತು ಬ್ರೇಕು; ಆ ಬ್ರೇಕು ಕಾರ್ಖಾನೆ ಗೊತ್ತುಮಾಡಿದ ತೂಕಕ್ಕೆ ಅಳತೆಯಾದದ್ದು. ಎಳೆಯುವ ಬಲವನ್ನು ಒಂದು ತಿರುಪಿನಿಂದ ಹೆಚ್ಚಿಸಬಹುದು, ತಡೆಯುವ ಬಲವನ್ನು ಹೆಚ್ಚಿಸುವ ತಿರುಪು ಯಾವ ಗ್ಯಾರೇಜಿನಲ್ಲಿಯೂ ಇಲ್ಲ. ಕಾದು ಸೋತ ಬ್ರೇಕಿನ ಮುಂದೆ ಕುಳಿತವನು ಸಾಮಾನ್ಯವಾಗಿ ಒಡೆಯನಲ್ಲ, ಸಂಬಳದ ಚಾಲಕ.

ಹಾಗಾದರೆ ಎಳೆಯದ ಗಾಡಿಗೆ ಉಪಾಯವೇನು? ಬಲ್ಲ ಮಿಸ್ತ್ರಿ ಮೊದಲು ಗಾಳಿಯ ಫಿಲ್ಟರನ್ನು ಬಿಚ್ಚಿ ನೋಡುತ್ತಾನೆ. ಆಮೇಲೆ ಡೀಸೆಲ್ ಫಿಲ್ಟರು, ಪೈಪಿನಲ್ಲಿ ಸೇರಿಕೊಂಡ ಗಾಳಿ, ನಾಝಲ್ಲು, ವಾಲ್ವಿನ ಸಂದು. ಪಂಪಿನ ಸರದಿ ಬರುವುದು ಕೊನೆಗೆ. ಆಗಲೂ ಅದನ್ನು ಗಾಡಿಯಿಂದ ಇಳಿಸಿ, ಪರೀಕ್ಷಾ ಬೆಂಚಿಗೆ ಕಟ್ಟಿ, ಇಷ್ಟು ಹೊಡೆತಕ್ಕೆ ಇಷ್ಟು ಸಿ.ಸಿ. ಎಂದು ಗಾಜಿನ ಕೊಳವೆಯಲ್ಲಿ ಅಳೆದು, ಎಲ್ಲ ಸಿಲಿಂಡರುಗಳಿಗೂ ಸಮನಾಗಿಸಿ, ಮರಳಿ ಮುದ್ರೆ ಒತ್ತಬೇಕು. ಟರ್ಬೊ ಕೂಡಿಸಿದ ಇಂಜಿನ್ನಿಗೆ ಹೆಚ್ಚು ಡೀಸೆಲ್ ಸಲ್ಲುವುದುಂಟು. ಆ ಲೆಕ್ಕವನ್ನೂ ಬೆಂಚೇ ಹೇಳಬೇಕು, ಕಿವಿಯಲ್ಲ. ಇಂಜಿನ್ನನ್ನೇ ಬದಲಿಸಿದ್ದರೆ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನಂತೆ ಅನುಮತಿಯೂ ನೋಂದಣಿಯೂ ಬೇಕು.

“ಏರಸ್ರಿ” ಎಂದವನಿಗೆ “ಎಷ್ಟು ಟನ್ನು ಹೇರ್ತೀರಿ?” ಎಂದು ಮರುಪ್ರಶ್ನೆ ಹಾಕುವ ಮಿಸ್ತ್ರಿಗೆ ಒಂದು ಗಿರಾಕಿ ತಪ್ಪೀತು. ಘಟ್ಟ ಇಳಿಯುವವನ ಮನೆಯವರಿಗೆ ಆ ಪ್ರಶ್ನೆಯೇ ದೊಡ್ಡ ಉಪಕಾರ.