ಕಟೌಟಿನ ನೆರಳು

2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ, ನಟ ಯಶ್ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸಲು ಹೋದ ಮೂವರು ಹುಡುಗರು ಕರೆಂಟು ಹೊಡೆದು ಸತ್ತರು. ಹೆಚ್ಚೂಕಮ್ಮಿ ನಮ್ಮದೇ ವಯಸ್ಸು.

ಅವರನ್ನು ಬೈಯಲು ನಮಗೆ ಬಾಯಿಲ್ಲ ಗೆಳೆಯರೇ. ಊಟದ ಕಾಸು ಉಳಿಸಿ ಮೊದಲ ಆಟಕ್ಕೆ ನುಗ್ಗಿದವರು ನಾವೂ ಹೌದು. ಹೀರೋ ಹಾಕಿದಂಥ ಶೂ ಬೇಕೂಂತ ಅಪ್ಪನ ಹತ್ರ ಜಗಳ ಆಡ್ತೀವಿ. ಅಪ್ಪ ಕೂಲಿ ದುಡ್ಡು ಎಣಿಸಿ ಕೊಡ್ತಾನೆ. ಕೊಡಲೇಬೇಕು ಅನ್ನೋ ದರ್ಪ ನಮಗೆ.

ಇದೇ ನಾವು, ಬಾಬಾಸಾಹೇಬರು ವೈಸ್‌ರಾಯ್ ಮಂಡಳಿಯಲ್ಲಿದ್ದಾಗ 1944ರಲ್ಲಿ ಶುರುವಾದ ಸ್ಕಾಲರ್‌ಶಿಪ್ಪು ತಿಂಗಳುಗಟ್ಟಲೆ ಬಾರದಿದ್ದರೆ, ಗುಮಾಸ್ತನ ಮೇಜಿನ ಮುಂದೆ ಕೈಕಟ್ಟಿ ‘ಸಾರ್, ಸಾರ್’ ಅಂತೀವಿ. ಅದು ಭಿಕ್ಷೆಯಲ್ಲ, ನಮ್ಮ ಹಕ್ಕಿನ ಹಣ. ಅಪ್ಪನ ಮುಂದೆ ಏರುವ ದನಿ ಅಲ್ಲಿ ಯಾಕೆ ಗಂಟಲಲ್ಲೇ ಸಾಯುತ್ತದೆ?